ಸಣ್ಣ ಹವ್ಯಾಸಿ ರೇಡಿಯೋಗೆ ಆಡಿಯೋ ಪ್ರೊಸೆಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನದ ಕಡೆ ಮನೆಯ ಒಂದು ಕೋಣೆಯಿಂದಲೇ ಇಂಟರ್‌ನೆಟ್ ರೇಡಿಯೋ ನಡೆಸುವವರು ಇದ್ದಾರೆ. ಶುರು ಮಾಡಬೇಕು ಅಂದುಕೊಂಡವರು ಇನ್ನೂ ಜಾಸ್ತಿ ಇದ್ದಾರೆ. ಅವರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸೌಂಡ್ ಬಗ್ಗೆಯೇ. ಯಾವ ಪ್ರೊಸೆಸರ್ ಹಾಕಲಿ, ಯಾವ ಸಾಫ್ಟ್‌ವೇರ್ ಒಳ್ಳೆಯದು, ದೊಡ್ಡ ಸ್ಟೇಷನ್‌ಗಳ ಥರ ಯಾಕೆ ಕೇಳಿಸಲ್ಲ ಅಂತ. ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಆಡಿಯೋ ಪ್ರೊಸೆಸಿಂಗ್ ಅಂದರೆ ಏನು? ನಮ್ಮಂಥ ಸಣ್ಣ ಸ್ಟೇಷನ್‌ಗೆ ಅದು ಬೇಕಾ?

ಬೇಕು. ಆದರೆ ಬಹಳ ಜನ ಅಂದುಕೊಂಡಿರುವ ಕಾರಣಕ್ಕಲ್ಲ. ಸೌಂಡಿನ ಮಟ್ಟ, ಏರಿಳಿತ ಸರಿಮಾಡಿ ಕೇಳುಗರಿಗೆ ಕಳಿಸುವುದೇ ಪ್ರೊಸೆಸಿಂಗ್. ಅದನ್ನು ಮಾಡುವ ಪೆಟ್ಟಿಗೆ ಅಥವಾ ಸಾಫ್ಟ್‌ವೇರ್ ಪ್ರೊಸೆಸರ್.

ಒಂದು ಗಂಟೆಯ ಕಾರ್ಯಕ್ರಮ ಅಂದುಕೊಳ್ಳಿ. ಮೊದಲು ಅರವತ್ತರ ದಶಕದ ಒಂದು ಸಿನಿಮಾ ಹಾಡು, ಮೆಲ್ಲಗಿದೆ. ಆಮೇಲೆ ಕಾಳುಮೆಣಸು ಬೆಳೆಯುವ ಒಬ್ಬ ರೈತರ ಫೋನ್ ಮಾತು, ಅದು ಇನ್ನೂ ಮೆಲ್ಲಗಿದೆ. ಅದರ ಬೆನ್ನಿಗೆ ಹೋದ ವರ್ಷದ ಒಂದು ಹಾಡು ಶುರುವಾಗುತ್ತದೆ, ಕಿವಿಗೆ ಬಡಿದ ಹಾಗೆ. ಅಡುಗೆ ಮನೆಯಲ್ಲಿ ಮೊಬೈಲ್ ಇಟ್ಟುಕೊಂಡು ಕೇಳುತ್ತಿರುವವರು ಹಿಟ್ಟಿನ ಕೈಯಲ್ಲೇ ಓಡಿ ಬಂದು ವಾಲ್ಯೂಮ್ ಇಳಿಸಬೇಕು. ಎರಡು ಸಲ ಹೀಗಾದರೆ ಮೂರನೇ ಸಲ ರೇಡಿಯೋ ಬಂದ್ ಮಾಡುತ್ತಾರೆ.

ಕೇಳುಗರ ಕೈ ವಾಲ್ಯೂಮ್ ಬಟನ್‌ಗೆ ಹೋಗಬಾರದು. ಹವ್ಯಾಸಿ ಸ್ಟೇಷನ್‌ನಲ್ಲಿ ಪ್ರೊಸೆಸಿಂಗ್‌ನ ಕೆಲಸ ಇಷ್ಟೇ. ಪಕ್ಕದ ಸ್ಟೇಷನ್‌ಗಿಂತ ಜೋರಾಗಿ ಕೇಳಿಸುವ ಪೈಪೋಟಿ ನಮಗೆ ಬೇಕಿಲ್ಲ. ಆ್ಯಪ್‌ನಲ್ಲಿ ಸ್ಟೇಷನ್ ಹುಡುಕಿ ಬರುವವರು ಡಯಲ್ ತಿರುಗಿಸುತ್ತಾ ಬಂದವರಲ್ಲ, ಅಲ್ವಾ? ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಗೊಂದಲ ತಾನಾಗಿಯೇ ಹೋಗುತ್ತದೆ.

ಮನೆಯಿಂದಲೇ ಒಂದು ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಬಹುದಾ?

ಆಗಲ್ಲ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುವ ಟ್ರಾನ್ಸ್‌ಮಿಟರ್ ಬೋರ್ಡ್ ತಂದು ಊರಿಗೆ ಹಾಡು ಹಾಕಿದರೂ ಅದೇ ಮಾತು. ಹ್ಯಾಮ್ (ಹವ್ಯಾಸಿಗಳು ತಮ್ಮೊಳಗೆ ಮಾತಾಡಿಕೊಳ್ಳುವ ರೇಡಿಯೋ) ಲೈಸೆನ್ಸ್ ಇದ್ದರೂ ಹಾಡು, ಕಾರ್ಯಕ್ರಮ ಪ್ರಸಾರ ಮಾಡುವ ಹಾಗಿಲ್ಲ. ಸಮುದಾಯ ರೇಡಿಯೋ ಲೈಸೆನ್ಸ್ ಅನ್ನು ಶಾಲೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳಿಗೆ ಕೊಡುತ್ತಾರೆ. ಒಬ್ಬ ವ್ಯಕ್ತಿಯ ಹೆಸರಿಗೆ ಕೊಡುವುದಿಲ್ಲ.

ಹಾಗಾಗಿ ಹವ್ಯಾಸಿಗಳಿಗೆ ಇರುವ ದಾರಿ ಇಂಟರ್‌ನೆಟ್ ರೇಡಿಯೋ. ಹಾಡು ಹಾಕುವುದಾದರೆ ಹಕ್ಕುದಾರರ ಅನುಮತಿ ಇಲ್ಲಿಯೂ ಬೇಕು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರು ಮಾಡಿದ್ದರು. ಮನೆಯಿಂದ ರೇಡಿಯೋ ಅನ್ನುವ ಆಸೆ ಕನ್ನಡ ನಾಡಿಗೆ ಹೊಸದೇನಲ್ಲ. ಅದಕ್ಕೆ ಈಗಿನ ಸರಿಯಾದ ದಾರಿ ಸ್ಟ್ರೀಮಿಂಗ್.

ಯಾವ ಪ್ರೊಸೆಸರ್ ಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ಮೊದಲು ಮೈಕಿನಿಂದ ಮಿಕ್ಸರ್‌ವರೆಗೆ ಬರುವ ಸೌಂಡ್ ಚೊಕ್ಕವಾಗಲಿ. ಜೋರು ಸದ್ದನ್ನು ಒತ್ತಿ, ಒಟ್ಟು ಮಟ್ಟ ಏರಿಸುವ ಕಂಪ್ರೆಸರ್ ಹಾಕಿದ ಕೂಡಲೇ ಸಣ್ಣ ಸದ್ದುಗಳೆಲ್ಲ ಮೇಲೆದ್ದು ಬರುತ್ತವೆ. ಫ್ಯಾನ್ ಸದ್ದು, ಕೋಣೆಯ ಗೂಂಜು, ಯುಪಿಎಸ್‌ನ ಗುಂಯ್ ಸದ್ದು, ಎಲ್ಲವೂ. ಮೂಲದಲ್ಲಿ ಕಸ ಇದ್ದರೆ ಪ್ರೊಸೆಸರ್ ಅದನ್ನೇ ಎತ್ತಿ ತೋರಿಸುತ್ತದೆ.

ನಮ್ಮ ಕಡೆ ದೊಡ್ಡ ತೊಂದರೆ ಮಳೆಯದು. ತಗಡಿನ ಶೀಟಿನ ಕೆಳಗೆ ಕೂತು ಜೂನ್‌ನಿಂದ ಆಗಸ್ಟ್‌ವರೆಗೆ ಮಾತಾಡಿದರೆ ಹಿಂದೆ ಮಳೆ ಬೀಳುತ್ತಲೇ ಇರುತ್ತದೆ. ಇದಕ್ಕೆ ನಾಯ್ಸ್ ಗೇಟ್ ಹಾಕುವವರಿದ್ದಾರೆ. ಗೇಟ್ ಹಾಕಿದರೆ ಏನಾಗುತ್ತದೆ ಗೊತ್ತಾ? ಮಾತಾಡುವಾಗ ಮಳೆ ಕೇಳುತ್ತದೆ, ಮಾತು ನಿಲ್ಲಿಸಿದ ಕೂಡಲೇ ಮಳೆಯೂ ನಿಲ್ಲುತ್ತದೆ. ಮತ್ತೆ ಬಾಯಿ ತೆರೆದರೆ ಮಳೆ ಧೋ ಅನ್ನುತ್ತದೆ. ಕೇಳುವವರಿಗೆ ಇದು ಸುಮ್ನೆ ಬೀಳುವ ಮಳೆಗಿಂತ ಹಿಂಸೆ. ಗೇಟಿನ ಬದಲು ಎಕ್ಸ್‌ಪ್ಯಾಂಡರ್ ಇಟ್ಟು, ಮಾತಿಲ್ಲದಾಗ ಸದ್ದನ್ನು 6ರಿಂದ 8 ಡೆಸಿಬಲ್ ಮಾತ್ರ ಇಳಿಸಿ. ಅದಕ್ಕೂ ಮೊದಲು ಮೈಕನ್ನು ಬಾಯಿಯ ಹತ್ತಿರ ತನ್ನಿ, ಒಂದು ಗೇಣಿನ ಒಳಗೆ. ದೂರ ಅರ್ಧಕ್ಕೆ ಇಳಿದರೆ ನಿಮ್ಮ ಮಾತು ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಇಷ್ಟನ್ನು ಯಾವ ಸಾಫ್ಟ್‌ವೇರೂ ಪುಕ್ಕಟೆ ಕೊಡುವುದಿಲ್ಲ.

ಮಲೆನಾಡಿನ ತೇವಕ್ಕೆ ಕಂಡೆನ್ಸರ್ ಮೈಕ್ ಕೆಲವೊಮ್ಮೆ ಚಟಪಟ ಅನ್ನುತ್ತದೆ. ಡೈನಾಮಿಕ್ ಮೈಕ್ ಇದನ್ನು ತಡೆದುಕೊಳ್ಳುತ್ತದೆ, ಕೋಣೆಯ ಗೂಂಜನ್ನೂ ಕಡಿಮೆ ಹಿಡಿಯುತ್ತದೆ. ಕಂಡೆನ್ಸರ್ ಇದ್ದರೆ ಕೆಲಸ ಮುಗಿದ ಮೇಲೆ ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗೋಡೆಗೆ ದುಬಾರಿ ಫೋಮ್ ಬೇಕಿಲ್ಲ. ಹಿಂದೆ ಮುಂದೆ ಎರಡು ದಪ್ಪ ಕಂಬಳಿ ನೇತುಹಾಕಿದರೂ ಗೂಂಜು ಗೊತ್ತಾಗುವಷ್ಟು ತಗ್ಗುತ್ತದೆ.

ಗುಂಯ್ ಸದ್ದು ಬಂದರೆ ಅದು 50 ಹರ್ಟ್ಜ್‌ನ ಕರೆಂಟಿನದು. ಫಿಲ್ಟರ್ ಹಾಕುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮಿಕ್ಸರ್, ಕಂಪ್ಯೂಟರ್ ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ ನೋಡಿ.

ಚೈನ್‌ನಲ್ಲಿ ಏನೇನು, ಯಾವ ಕ್ರಮದಲ್ಲಿ ಇರಬೇಕು?

ಚೈನ್ ಅಂದರೆ ಸೌಂಡ್ ಒಂದಾದ ಮೇಲೊಂದರಂತೆ ಹಾದುಹೋಗುವ ಪ್ರೊಸೆಸರ್‌ಗಳ ಸಾಲು. ಎರಡು ಜಾಗದಲ್ಲಿ ಪ್ರೊಸೆಸಿಂಗ್ ಇರುತ್ತದೆ. ಒಂದು ಮೈಕಿಗೆ, ಇನ್ನೊಂದು ಇಡೀ ಸ್ಟೇಷನ್‌ಗೆ.

ಮೈಕಿಗೆ ಮೊದಲು 80 ಹರ್ಟ್ಜ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವುದು) ಹಾಕಿ. ಮೇಜು ತಟ್ಟಿದ ಸದ್ದು, ರಸ್ತೆಯ ಲಾರಿ ಸದ್ದು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಎಕ್ಸ್‌ಪ್ಯಾಂಡರ್, ಅದಾದ ಮೇಲೆ ಕಂಪ್ರೆಸರ್. ರೇಶಿಯೋ (ಎಷ್ಟು ಒತ್ತಬೇಕು) 3:1, ಅಟ್ಯಾಕ್ (ಎಷ್ಟು ಬೇಗ ಒತ್ತಬೇಕು) 5ರಿಂದ 10 ಮಿಲಿಸೆಕೆಂಡ್, ರಿಲೀಸ್ (ಎಷ್ಟು ಬೇಗ ಬಿಡಬೇಕು) 100ರಿಂದ 150. ಜೋರಾಗಿ ಮಾತಾಡಿದಾಗ ಮೀಟರ್ 4ರಿಂದ 6 ಡೆಸಿಬಲ್ ಇಳಿಸಿದರೆ ಸಾಕು. ಸ, ಶ, ಚ ಅಕ್ಷರಗಳು ಕಿವಿಗೆ ಚುಚ್ಚಿದರೆ ಕೊನೆಗೆ ಆ ಸದ್ದನ್ನು ತಗ್ಗಿಸುವ ಒಂದು ಡಿಎಸ್ಸರ್.

ಸ್ಟೇಷನ್‌ಗೆ ಮೊದಲು ಎಜಿಸಿ (ಮಟ್ಟವನ್ನು ತಾನಾಗಿ ಏರಿಸಿ ಇಳಿಸುವುದು), ಬೇಕಿದ್ದರೆ ಆಮೇಲೆ ಮಲ್ಟಿಬ್ಯಾಂಡ್ ಕಂಪ್ರೆಸರ್ (ಕೆಳಗಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಒತ್ತುವುದು), ಕೊನೆಗೆ ಲಿಮಿಟರ್. ಲಿಮಿಟರ್ ಆದ ಮೇಲೆ ನೇರ ಎನ್‌ಕೋಡರ್, ಅಂದರೆ ಸೌಂಡನ್ನು ಸ್ಟ್ರೀಮ್ ಮಾಡಿ ಕಳಿಸುವ ಸಾಫ್ಟ್‌ವೇರ್. ನಡುವೆ ಯಾವ ವಾಲ್ಯೂಮ್ ಗುಂಡಿಯೂ ಇರಬಾರದು. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಇರುವ ಎನ್‌ಹಾನ್ಸ್‌ಮೆಂಟ್‌ಗಳನ್ನೂ ಮರೆಯದೆ ಆಫ್ ಮಾಡಿ. ನಿಮ್ಮ ಚೈನ್ ಮೇಲೆ ಅದು ಇನ್ನೊಂದು ಚೈನ್ ಕಟ್ಟಿರುತ್ತದೆ.

ಎಜಿಸಿ, ಕಂಪ್ರೆಸರ್, ಲಿಮಿಟರ್ ಮೂರೂ ಸೌಂಡ್ ಇಳಿಸುವುದೇ ಅಲ್ವಾ? ಮೂರು ಯಾಕೆ?

ಮೂರರ ವೇಗ ಬೇರೆ. ಎಜಿಸಿ ನಿಧಾನದ್ದು. ಒಂದು ಹಾಡು ಮೆಲ್ಲಗಿದೆ ಅಂತ ಗೊತ್ತಾದ ಮೇಲೆ ಕೆಲವು ಸೆಕೆಂಡ್‌ಗಳಲ್ಲಿ ಮೆಲ್ಲಗೆ ಏರಿಸುತ್ತದೆ. ಮಿಕ್ಸರ್ ಮುಂದೆ ಕೂತು ಫೇಡರ್ ಹಿಡಿದುಕೊಂಡ ಒಬ್ಬ ಒಳ್ಳೆಯ ಆಪರೇಟರ್ ಮಾಡುವ ಕೆಲಸ ಅದು. ಕಂಪ್ರೆಸರ್ ಒಂದು ಪದ, ಒಂದು ಏಟಿನ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಲಿಮಿಟರ್ ಮಿಲಿಸೆಕೆಂಡ್‌ನಲ್ಲಿ ಎಗರಿ ಬರುವ ಶಿಖರವನ್ನು ಹಿಡಿಯುತ್ತದೆ, ಸೌಂಡ್ ಒಡೆಯದ ಹಾಗೆ ನೋಡಿಕೊಳ್ಳುತ್ತದೆ.

ಎಜಿಸಿ ಮತ್ತು ಲಿಮಿಟರ್ ಎರಡೇ ಇದ್ದರೂ ಒಂದು ಹವ್ಯಾಸಿ ಸ್ಟೇಷನ್ ಚೆನ್ನಾಗಿ ನಡೆಯುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಮಲ್ಟಿಬ್ಯಾಂಡ್ ಆಮೇಲೆ ನೋಡಿಕೊಂಡರಾಯಿತು.

ಯಾವ ಸಾಫ್ಟ್‌ವೇರ್ ಬಳಸಲಿ?

ನಿಮ್ಮ ಕೆಲಸ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ.

ವಾರಕ್ಕೆ ಒಂದೆರಡು ಗಂಟೆ ಲೈವ್ ಮಾತ್ರ ಅಂದರೆ ಬಟ್ (BUTT) ಅನ್ನುವ ಉಚಿತ ಎನ್‌ಕೋಡರ್ ಸಾಕು. ಅದರಲ್ಲೇ ಒಂದು ಸರಳ ಈಕ್ವಲೈಜರ್, ಒಂದು ಕಂಪ್ರೆಸರ್ ಇದೆ. ಮಿಕ್ಸ್ ಮಾಡುವುದಕ್ಕೆ ಮಿಕ್ಸ್ಎಕ್ಸ್ ಉಚಿತ, ಅದು ರಿಪ್ಲೇಗೇನ್ ಅನ್ನುವ ಜೋರಿನ ಅಳತೆ ನೋಡಿಕೊಂಡು ಹಾಡುಗಳ ಮಟ್ಟವನ್ನು ತಾನೇ ಸರಿಮಾಡುತ್ತದೆ.

ದಿನದ 24 ಗಂಟೆ ತಾನಾಗಿಯೇ ನಡೆಯಬೇಕು ಅಂದರೆ ಲಿಕ್ವಿಡ್‌ಸೋಪ್ ನೋಡಿ. ಇದೂ ಉಚಿತ. ಸ್ಕ್ರಿಪ್ಟ್ ಬರೆಯಬೇಕು, ಮೊದಮೊದಲು ಕಷ್ಟ ಅನ್ನಿಸುತ್ತದೆ. ಆದರೆ ಒಂದು ಸಲ ಕೈಗೆ ಹತ್ತಿದರೆ ಹಳೇ ಕಂಪ್ಯೂಟರಿನಲ್ಲೂ ಅಲುಗಾಡದೆ ನಡೆಯುತ್ತದೆ. ಅದರ ನಾರ್ಮಲೈಜ್ ಎಜಿಸಿಯ ಕೆಲಸ ಮಾಡುತ್ತದೆ. ಇಂತಿಷ್ಟಕ್ಕಿಂತ ಮೆಲ್ಲಗಿರುವ ಸದ್ದನ್ನು ಏರಿಸಬೇಡ ಅಂತ ಹೇಳಲೂ ಬರುತ್ತದೆ. ಅಜುರಾಕ್ಯಾಸ್ಟ್ ಅನ್ನುವ, ಸ್ಟೇಷನ್ ನಡೆಸುವ ಸಾಫ್ಟ್‌ವೇರ್ ಬಳಸುವವರಿಗೆ ಒಳಗೆ ಲಿಕ್ವಿಡ್‌ಸೋಪೇ ಇರುತ್ತದೆ.

ಪೂರ್ತಿ ರೇಡಿಯೋ ಪ್ರೊಸೆಸರ್ ಬೇಕು ಅನ್ನುವವರಿಗೆ ಸ್ಟೀರಿಯೋ ಟೂಲ್. ನೆದರ್ಲೆಂಡ್ಸ್‌ನ ಹಾನ್ಸ್ ವಾನ್ ಜುಟ್‌ಫೆನ್ ಅವರು ಮಾಡಿದ್ದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ಕೆಲವು ಭಾಗಕ್ಕೆ ಲೈಸೆನ್ಸ್ ಕೊಳ್ಳಬೇಕು. ಇದರಲ್ಲಿ ಇಲ್ಲದಿರುವುದೇ ಕಡಿಮೆ. ಅದೇ ಅದರ ಅಪಾಯ ಕೂಡ. ಗುಂಡಿ ಇದೆ ಅಂತ ಎಲ್ಲವನ್ನೂ ಆನ್ ಮಾಡಿದರೆ ಹಾಡು ಹಾಡಾಗಿ ಉಳಿಯಲ್ಲ. ಹಗುರವಾದ ಒಂದು ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಆರಿಸಿ, ಅದರಲ್ಲೇ ಒಂದು ವಾರ ಇರಿ.

ಹಾರ್ಡ್‌ವೇರ್ ಬಾಕ್ಸ್ ಬೇಡವಾ?

ಸ್ಟ್ರೀಮಿಗೆ ಬೇಡ. 1975ರಲ್ಲಿ ರಾಬರ್ಟ್ ಆರ್ಬನ್ ಅವರ ಆಪ್ಟಿಮಾಡ್ 8000 ಅನ್ನುವ ಎಫ್‌ಎಂ ಪ್ರೊಸೆಸರ್ ಬಂದ ಕಾಲಕ್ಕೆ ಈ ಕೆಲಸಕ್ಕೆಲ್ಲ ಪೆಟ್ಟಿಗೆಯೇ ಬೇಕಿತ್ತು. ಈಗ ಸಾಧಾರಣ ಲ್ಯಾಪ್‌ಟಾಪ್ ಮಾಡುತ್ತದೆ. ಹಣ ಇದ್ದರೆ ಒಳ್ಳೆಯ ಮೈಕ್, ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಮೈಕಿಗೆ ಮಾತ್ರ ಡಿಬಿಎಕ್ಸ್ 286ಎಸ್ ಥರದ ಪೆಟ್ಟಿಗೆ ಬಳಸುವವರಿದ್ದಾರೆ. ಪ್ರಿ ಆ್ಯಂಪ್, ಕಂಪ್ರೆಸರ್, ಡಿಎಸ್ಸರ್, ಗೇಟ್ ಒಂದರಲ್ಲೇ ಇರುವುದರಿಂದ ಅದು ಅನುಕೂಲ.

ಯಕ್ಷಗಾನ ಹಾಕಿದರೆ ಭಾಗವತರ ದನಿ ಒಳಗೆ ಹೋಗಿ ಹೊರಗೆ ಬರುತ್ತದೆ. ಯಾಕೆ?

ಕೊಪ್ಪ, ಶೃಂಗೇರಿ ಕಡೆಯವರು ಇದನ್ನು ಕೇಳದೆ ಇರುವುದಿಲ್ಲ. ಕಾರಣ ಚೆಂಡೆ.

ಚೆಂಡೆಯ ಒಂದೊಂದು ಏಟೂ ಭಾಗವತರ ದನಿಗಿಂತ ತುಂಬಾ ಎತ್ತರಕ್ಕೆ ಹಾರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಕಂಪ್ರೆಸರ್‌ಗೆ ಚೆಂಡೆ ಯಾವುದು, ಪದ್ಯ ಯಾವುದು ಅಂತ ಗೊತ್ತಿಲ್ಲ. ಏಟು ಬಿದ್ದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕೆಳಗೆ ಒತ್ತುತ್ತದೆ. ಚೆಂಡೆಯ ಸದ್ದು ಆರಿಹೋದರೂ ಕಂಪ್ರೆಸರ್ ಇನ್ನೂ ಬಿಟ್ಟಿರುವುದಿಲ್ಲ. ಆ ಹೊತ್ತಿನಲ್ಲಿ ಭಾಗವತರು ಎಳೆಯುತ್ತಿರುವ ಸ್ವರ ಮುಳುಗುತ್ತದೆ, ಆಮೇಲೆ ಮೇಲೇಳುತ್ತದೆ. ಯುದ್ಧದ ಸನ್ನಿವೇಶದಲ್ಲಿ ಏಟಿನ ಮೇಲೆ ಏಟು ಬೀಳುವಾಗ ಪದ್ಯ ಪೂರ್ತಿ ನಲುಗಿ ಹೋಗುತ್ತದೆ. ಇದನ್ನು ಪಂಪಿಂಗ್ ಅನ್ನುತ್ತಾರೆ.

ಸಿನಿಮಾ ಹಾಡಿಗೆ ಮಾಡಿದ ಪ್ರಿಸೆಟ್ ಇಲ್ಲಿ ನಡೆಯಲ್ಲ. ರೇಶಿಯೋವನ್ನು 1.5:1 ಅಥವಾ 2:1ಕ್ಕೆ ಇಳಿಸಿ. ಅಟ್ಯಾಕ್ 30 ಮಿಲಿಸೆಕೆಂಡ್‌ಗೆ ಏರಿಸಿ. ಆಗ ಏಟಿನ ತುದಿ ಕಂಪ್ರೆಸರನ್ನು ದಾಟಿ ಹೋಗುತ್ತದೆ, ಅದನ್ನು ಕೊನೆಯ ಲಿಮಿಟರ್ ಹಿಡಿಯಲಿ. ಲಿಮಿಟರ್ ಮೀಟರ್ 3 ಡೆಸಿಬಲ್‌ಗಿಂತ ಜಾಸ್ತಿ ಕುಣಿಯುತ್ತಿದ್ದರೆ ಒಳಗೆ ಹೋಗುವ ಮಟ್ಟವನ್ನೇ ತಗ್ಗಿಸಿ. ಯಕ್ಷಗಾನ ಉಳಿದ ಕಾರ್ಯಕ್ರಮಗಳಿಗಿಂತ ಒಂಚೂರು ಮೆಲ್ಲಗೆ ಕೇಳಿಸಿದರೆ ಕೇಳಿಸಲಿ. ಚೆಂಡೆಯ ಏಟಿಗೆ ಮೊನೆ ಇರಬೇಕು. ಅದು ಹೋದರೆ ಡಬ್ಬ ಬಡಿದ ಹಾಗಾಗುತ್ತದೆ, ಕೇಳಿ ಗೊತ್ತಿರುವವರು ತಕ್ಷಣ ಹಿಡಿಯುತ್ತಾರೆ.

ತಾಳಮದ್ದಳೆ ಬೇರೆ ಥರ. ಅಲ್ಲಿ ಮಾತೇ ಮುಖ್ಯ. ಅರ್ಥಧಾರಿ ಪಿಸುಮಾತಿನಿಂದ ಗರ್ಜನೆವರೆಗೆ ಹೋಗುತ್ತಾರೆ. ಎಜಿಸಿ ನಿಧಾನಕ್ಕಿರಲಿ, ಏರಿಳಿತದ ಮಿತಿ 6 ಡೆಸಿಬಲ್ ಸಾಕು. ಪಿಸುಮಾತು ಪಿಸುಮಾತಾಗಿಯೇ ಉಳಿಯಬೇಕು.

ಶಾಸ್ತ್ರೀಯ ಸಂಗೀತದಲ್ಲಿ ತಂಬೂರಿ ಉಬ್ಬಿಕೊಂಡು ಬರುತ್ತದೆ. ಏನು ಮಾಡಲಿ?

ಆಲಾಪನೆಯಲ್ಲಿ ಗಾಯಕರು ಉಸಿರಿಗೆ ನಿಲ್ಲಿಸಿದಾಗ ಉಳಿಯುವುದು ತಂಬೂರಿ ಒಂದೇ. ಎಜಿಸಿ ಅದನ್ನು ಮೆಲ್ಲಗಿರುವ ಕಾರ್ಯಕ್ರಮ ಅಂದುಕೊಂಡು ಏರಿಸಲು ಶುರು ಮಾಡುತ್ತದೆ. ಗಾಯಕರು ಮತ್ತೆ ಹಾಡಿದ ಕೂಡಲೇ ದಡಕ್ ಅಂತ ಇಳಿಸುತ್ತದೆ. ಎಜಿಸಿಯಲ್ಲಿ ಗೇಟ್ ಅನ್ನುವ ಒಂದು ಮಟ್ಟ ಇರುತ್ತದೆ. ಸದ್ದು ಅದಕ್ಕಿಂತ ಕೆಳಗಿಳಿದರೆ ಎಜಿಸಿ ಇದ್ದಲ್ಲೇ ನಿಲ್ಲುತ್ತದೆ. ಅದನ್ನು ತಂಬೂರಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಿ. ಮಲ್ಟಿಬ್ಯಾಂಡ್ ಇದ್ದರೆ ಈ ಹೊತ್ತಿಗೆ ಆಫ್ ಮಾಡಿ. ಮೃದಂಗದ ಎಡಗೈ ಗುಮ್ಕಿಯನ್ನೂ ಬಲಗೈ ಛಾಪನ್ನೂ ಅದು ಬೇರೆ ಬೇರೆ ಬ್ಯಾಂಡಿನಲ್ಲಿ ಒತ್ತಿ, ಎರಡರ ನಡುವಿನ ತೂಕವನ್ನೇ ಕೆಡಿಸುತ್ತದೆ.

ಹಳೇ ಕ್ಯಾಸೆಟ್‌ನಿಂದ ಇಳಿಸಿದ ಹಾಡುಗಳಲ್ಲಿ ಹಿಸ್ ಉಬ್ಬುವುದಕ್ಕೂ ಇದೇ ಕಾರಣ, ಇದೇ ಮದ್ದು.

ಎಷ್ಟು ಜೋರಾಗಿರಬೇಕು?

ಜೋರನ್ನು ಅಳೆಯುವ ಅಳತೆ ಎಲ್‌ಯುಎಫ್‌ಎಸ್. ಯುರೋಪಿನ ಟಿವಿ, ರೇಡಿಯೋಗಳಿಗೆ ಅಲ್ಲಿನ ಪ್ರಸಾರಕರ ಒಕ್ಕೂಟವಾದ ಇಬಿಯು 2010ರಲ್ಲಿ ಹೇಳಿದ ಮಟ್ಟ ಮೈನಸ್ 23. ಮೊಬೈಲ್ ಸ್ಪೀಕರಿಗೆ ಅದು ತೀರಾ ಮೆಲ್ಲಗಾಗುತ್ತದೆ. ಸ್ಟ್ರೀಮಿಂಗ್‌ಗೆ ಆಡಿಯೋ ಎಂಜಿನಿಯರ್‌ಗಳ ಸಂಘವಾದ ಎಇಎಸ್ 2015ರಲ್ಲಿ ಮೈನಸ್ 16ರಿಂದ ಮೈನಸ್ 20ರ ನಡುವೆ ಅಂತ ಸೂಚಿಸಿತು. ನನ್ನ ಸಲಹೆ ಮೈನಸ್ 16. ಶಿಖರ (ಮೀಟರ್‌ನಲ್ಲಿ ಟ್ರೂ ಪೀಕ್) ಮೈನಸ್ 1 ಡೆಸಿಬಲ್ ದಾಟಬಾರದು. ಬಿಟ್‌ರೇಟ್ (ಸ್ಟ್ರೀಮ್ ಸೆಕೆಂಡಿಗೆ ಎಳೆಯುವ ಡೇಟಾ) ಕಡಿಮೆ ಇದ್ದರೆ ಮೈನಸ್ 2 ಇಡಿ, ಯಾಕೆಂದರೆ ಎನ್‌ಕೋಡ್ ಆದ ಮೇಲೆ ಶಿಖರಗಳು ಸ್ವಲ್ಪ ಬೆಳೆಯುತ್ತವೆ.

ಅಳೆಯುವುದಕ್ಕೆ ಯೂಲೀನ್ ಲೌಡ್‌ನೆಸ್ ಮೀಟರ್ ಉಚಿತವಾಗಿ ಸಿಗುತ್ತದೆ. ರೆಕಾರ್ಡ್ ಮಾಡಿದ ಕಾರ್ಯಕ್ರಮಗಳನ್ನು ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಜೇಶನ್‌ನಲ್ಲಿ ಮೊದಲೇ ಸರಿಮಾಡಿ ಇಟ್ಟುಕೊಳ್ಳಿ. ಫೈಲುಗಳೇ ಒಂದು ಮಟ್ಟದಲ್ಲಿದ್ದರೆ ಎಜಿಸಿಗೆ ಕೆಲಸವೇ ಇರುವುದಿಲ್ಲ. ಅದಕ್ಕಿಂತ ಒಳ್ಳೆಯ ಪ್ರೊಸೆಸಿಂಗ್ ಇಲ್ಲ.

ಎಫ್‌ಎಂ ಪ್ರಿಸೆಟ್ಟನ್ನು ಸ್ಟ್ರೀಮಿಗೆ ಹಾಕಬಹುದಾ?

ಬೇಡ. ಎಫ್‌ಎಂನಲ್ಲಿ ಪ್ರಿ ಎಂಫಸಿಸ್ ಅಂತ ಇದೆ. ಕಳಿಸುವಾಗ ಮೇಲಿನ ಸ್ವರಗಳನ್ನು ಏರಿಸಿ, ರೇಡಿಯೋ ಸೆಟ್ಟಿನಲ್ಲಿ ಮತ್ತೆ ಇಳಿಸುತ್ತಾರೆ. ನಮ್ಮಲ್ಲಿ ಅದು 50 ಮೈಕ್ರೋಸೆಕೆಂಡ್. ಅಂದರೆ 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 10 ಡೆಸಿಬಲ್, 15 ಕಿಲೋಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬಲ್ ಏರಿಕೆ. ಇಷ್ಟು ಏರಿದ್ದನ್ನು ಎಫ್‌ಎಂನ ಮಿತಿಯಾದ 75 ಕಿಲೋಹರ್ಟ್ಜ್ ಡೀವಿಯೇಶನ್ ಒಳಗೆ ಹಿಡಿಯಲು ಎಫ್‌ಎಂ ಪ್ರೊಸೆಸರ್‌ಗಳು ಶಿಖರಗಳನ್ನು ಕತ್ತರಿಸುವ ಕ್ಲಿಪ್ಪರ್ ಬಳಸುತ್ತವೆ. ಮೊಬೈಲ್ ಆ್ಯಪ್‌ನಲ್ಲಿ ಆ ಏರಿಕೆಯನ್ನು ಇಳಿಸುವವರು ಯಾರೂ ಇಲ್ಲ. ಸೌಂಡ್ ಚುಚ್ಚುತ್ತದೆ. ಜೊತೆಗೆ ಕ್ಲಿಪ್ ಮಾಡಿದಾಗ ಹುಟ್ಟುವ ಕರ್ಕಶ ಸ್ವರಗಳನ್ನು ಎಂಪಿ3 ಎನ್‌ಕೋಡರ್ ಹಾಡು ಅಂದುಕೊಂಡು ಬಿಟ್‌ಗಳನ್ನು ಅದಕ್ಕೇ ಖರ್ಚು ಮಾಡುತ್ತದೆ. ಸ್ಟ್ರೀಮಿಗೆ ಪ್ರಿ ಎಂಫಸಿಸ್ ಆಫ್, ಕ್ಲಿಪ್ಪರ್ ಆಫ್, ಲಿಮಿಟರ್ ಮಾತ್ರ.

ನಿಮ್ಮ ಕಾಲೇಜಿಗೋ ಸಂಸ್ಥೆಗೋ ಸಮುದಾಯ ರೇಡಿಯೋ ಲೈಸೆನ್ಸ್ ಸಿಕ್ಕರೆ ಇವೆಲ್ಲ ಬೇಕಾಗುತ್ತದೆ. ಆಗ ಎಫ್‌ಎಂಗೆ ಒಂದು, ಸ್ಟ್ರೀಮಿಗೆ ಒಂದು, ಎರಡು ಬೇರೆ ಚೈನ್ ಇಡಿ.

ಬಿಟ್‌ರೇಟ್ ಎಷ್ಟಿರಲಿ?

ಕಳಸ, ಮೂಡಿಗೆರೆಯ ತೋಟಗಳ ಒಳಗೆ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಅದೇ ದೊಡ್ಡದು. 128 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 58 ಎಂಬಿ ಎಳೆಯುತ್ತದೆ, 64 ಕೆಬಿಪಿಎಸ್ ಅಂದರೆ ಸುಮಾರು 29. ಎರಡು ಸ್ಟ್ರೀಮ್ ಕೊಡಿ. ಮನೆಯ ವೈಫೈನವರಿಗೆ 128ರ ಎಂಪಿ3, ಉಳಿದವರಿಗೆ 48 ಅಥವಾ 64ರ ಎಚ್‌ಇ ಎಎಸಿ. ಕಡಿಮೆ ಬಿಟ್‌ರೇಟಿನಲ್ಲಿ ಎಂಪಿ3ಗಿಂತ ಅದು ಎಷ್ಟೋ ವಾಸಿ. ಮಾತೇ ಹೆಚ್ಚಿದ್ದರೆ ಮೋನೋ ಮಾಡಿ.

ಫೋನ್ ಕರೆಗಳು ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತವೆ.

ಹಳೇ ಫೋನ್ ಲೈನಿನಲ್ಲಿ 300ರಿಂದ 3400 ಹರ್ಟ್ಜ್ ಮಾತ್ರ ಬರುತ್ತದೆ. ಇಲ್ಲದ ಬೇಸ್ ಅನ್ನು ಈಕ್ವಲೈಜರ್ ತರುವುದಿಲ್ಲ, ಗುಂಯ್ ಸದ್ದನ್ನಷ್ಟೇ ತರುತ್ತದೆ. ಲೈವ್ ಬೇಡ ಅಂದರೆ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಕಳಿಸಲು ಹೇಳಿ, ದನಿ ಸಾಕಷ್ಟು ತುಂಬಿರುತ್ತದೆ. ಕಾಫಿ ಪಲ್ಪರ್ ಓಡುತ್ತಿರುವಾಗ ಬೇಡ, ಒಳಗೆ ಬಂದು ಮಾತಾಡಿ ಅಂತಲೂ ಹೇಳಿ. ಫೋನಿಗೆ ಪ್ರತ್ಯೇಕ ಕಂಪ್ರೆಸರ್ ಹಾಕಿ, ಮಟ್ಟವನ್ನು ನಿಮ್ಮ ಮಾತಿನ ಸಮಕ್ಕೆ ತಂದು ಆಮೇಲೆ ಮಿಕ್ಸರ್‌ಗೆ ಬಿಡಿ.

ಪ್ರೊಸೆಸಿಂಗ್ ಅತಿಯಾಗಿದೆ ಅಂತ ಹೇಗೆ ತಿಳಿಯುವುದು?

ಪ್ರೊಸೆಸರ್ ಆನ್ ಮಾಡಿದ ಕೂಡಲೇ ಜೋರಾಗುತ್ತದೆ, ಜೋರಾಗಿದ್ದು ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ಆನ್ ಇರುವಾಗ, ಆಫ್ ಇರುವಾಗ ಎರಡೂ ಒಂದೇ ಮಟ್ಟಕ್ಕೆ ಬರುವ ಹಾಗೆ ವಾಲ್ಯೂಮ್ ಸರಿಮಾಡಿ ಹೋಲಿಸಿ. ಆಗಲೂ ಆನ್ ಇದ್ದದ್ದೇ ಹಿಡಿಸಿದರೆ ಸರಿ.

ಇನ್ನೊಂದು ಪರೀಕ್ಷೆ ಸಮಯದ್ದು. ಅತಿಯಾಗಿ ಒತ್ತಿದ ಸೌಂಡ್ ಐದು ನಿಮಿಷ ಭರ್ಜರಿಯಾಗಿ ಕೇಳುತ್ತದೆ, ಒಂದು ಗಂಟೆಯಲ್ಲಿ ತಲೆ ಭಾರವಾಗುತ್ತದೆ. ನಿಮ್ಮ ಸ್ಟೇಷನ್ನನ್ನು ನೀವೇ ಬೇರೆ ಕೆಲಸ ಮಾಡುತ್ತಾ ಒಂದು ಬೆಳಗ್ಗೆ ಪೂರ್ತಿ ಕೇಳಿ. ಹೆಡ್‌ಫೋನಿನಲ್ಲಿ ಮಾತ್ರ ಬೇಡ. ಸಾಧಾರಣ ಮೊಬೈಲನ್ನು ಅಡುಗೆ ಕಟ್ಟೆ ಮೇಲಿಟ್ಟು, ನಲ್ಲಿ ಬಿಟ್ಟು, ಕುಕ್ಕರ್ ಕೂಗುವಾಗ ಕೇಳಿ. ಮಾತಿನ ಒಂದೊಂದು ಪದವೂ ತಿಳಿಯುತ್ತಿದೆಯಾ ನೋಡಿ. ಜೀಪಿನಲ್ಲಿ ಕೇಳಿ. ಹಾಡು ಬದಲಾದಾಗ ಕೈ ವಾಲ್ಯೂಮ್ ಕಡೆ ಹೋಯಿತಾ, ಎಲ್ಲಿ ಹೋಯಿತು ಅಂತ ಬರೆದಿಟ್ಟುಕೊಳ್ಳಿ.

ಸೆಟ್ಟಿಂಗ್ ಎಷ್ಟು ಸಲ ಬದಲಿಸಬಹುದು?

ಒಂದು ಸಲಕ್ಕೆ ಒಂದೇ ಗುಂಡಿ. ಬದಲಿಸುವ ಮೊದಲು ಹಳೇ ಪ್ರಿಸೆಟ್ಟನ್ನು ತಾರೀಕಿನ ಹೆಸರಿನಲ್ಲಿ ಸೇವ್ ಮಾಡಿ, ಪೆನ್‌ಡ್ರೈವ್‌ನಲ್ಲೂ ಒಂದು ಕಾಪಿ ಇಡಿ. ಕರೆಂಟ್ ಹೋಗಿ ಕಂಪ್ಯೂಟರ್ ಕೆಟ್ಟರೆ ತಿಂಗಳುಗಟ್ಟಲೆ ಕೇಳಿ ಕೇಳಿ ಹೊಂದಿಸಿದ್ದು ಹೋಗಬಾರದು. ರಾತ್ರಿ ಕಿವಿ ದಣಿದಿರುವಾಗ ಏನನ್ನೂ ಮುಟ್ಟಬೇಡಿ. ಆ ಹೊತ್ತಿಗೆ ಎಲ್ಲವೂ ಮಂದ ಅನ್ನಿಸಿ, ಟ್ರೆಬಲ್ ಏರಿಸುವ ಮನಸ್ಸಾಗುತ್ತದೆ. ಬೆಳಗ್ಗೆ ಎದ್ದು ಮೊದಲು ಕೇಳಿದಾಗಲೂ ಮಂದ ಅನ್ನಿಸಿದರೆ ಆಗ ಒಂದು ಡೆಸಿಬಲ್ ಏರಿಸಿ.